"ಇಲ್ಲ" ಅನ್ನೋ ಮೊದಲು ಪಹಣಿ ನೋಡಿ ಸ್ವಾಮಿ

ಬ್ಲಾಗ್ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಇವತ್ತು ಬರೀತಿರೋದು ಸಿಟ್ಟಿನಿಂದ. ಮೊದಲೇ ಹೇಳಿಬಿಡ್ತೀನಿ, ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೇ ಇದೆ.

ಹಬ್ಬಕ್ಕೆ ಊರಿಗೆ ಹೋಗಿದ್ದೆ. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಬಂದು ಸೊರಬದ ದಾರಿ ಹಿಡಿದರೆ ನಮ್ಮೂರು. ನಮ್ಮ ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಎರಡೂ ತಾಲ್ಲೂಕಿನ ಶಾಸನ, ವೀರಗಲ್ಲು, ಮಾಸ್ತಿಕಲ್ಲು ಅಂತ ಸೈಕಲ್ಲು, ಬಸ್ಸು ಹತ್ತಿ ತಿರುಗಿದವರು. ಒಂಬತ್ತು ವರ್ಷದ ಟಿಪ್ಪಣಿಗಳನ್ನ ಒಂದೊಂದೇ ಬೆರಳಲ್ಲಿ ನುಡಿಯಲ್ಲಿ ಟೈಪ್ ಮಾಡಿ ಇಟ್ಟಿದ್ರು. ನಾನು ಹೋದ ದಿನ ಮುಖ ಸಣ್ಣಗೆ ಮಾಡ್ಕೊಂಡು ಕೂತಿದ್ರು. ವಿಂಡೋಸ್ ಏಳ್ತಿಲ್ಲ. ರಿಪೇರಿ ಅಂಗಡಿಯವನು ನೋಡಿ, "ಡಿ ಡ್ರೈವ್ ಹೋಗಿದೆ ಸಾರ್, ಡೇಟಾ ಏನೂ ಇಲ್ಲ, ಫಾರ್ಮ್ಯಾಟ್ ಹೊಡೆದು ಕೊಡ್ತೀನಿ" ಅಂದನಂತೆ. ದೊಡ್ಡಪ್ಪ "ನಮ್ಮ ಹುಡುಗ ಬರ್ತಾನೆ, ಅವನು ನೋಡ್ಲಿ" ಅಂತ ವಾಪಸ್ ತಂದಿದ್ರು.

ಹುಡುಗ ಬಂದ. ಇಂಜಿನಿಯರ್ ಅಲ್ವಾ! ಪೆನ್ ಡ್ರೈವಿನಿಂದ ಉಬುಂಟು ಎಬ್ಬಿಸಿದೆ, ಕಪ್ಪು ಕಿಟಕಿ ತೆರೆದೆ, ಸ್ಲ್ಯಾಶ್‌ನಿಂದ ಶುರುಮಾಡಿ ಫೈಂಡ್ ಕಮಾಂಡ್ ಓಡಿಸಿದೆ. ಆಫೀಸಿನ ಸರ್ವರ್‌ಗಳಲ್ಲಿ ಅಭ್ಯಾಸವಾಗಿ ಹೋಗಿರೋ 'ಎಕ್ಸ್‌ಡೆವ್' ಆಯ್ಕೆಯನ್ನೂ ಸೇರಿಸಿದೆ. ಒಂದೂ ವರ್ಡ್ ಫೈಲ್ ಸಿಗಲಿಲ್ಲ. ನಾನೂ ಅದೇ ಮಾತು ಹೇಳಿದೆ: "ಇಲ್ಲ ದೊಡ್ಡಪ್ಪ."

ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲೆಲ್ಲಿ ನೋಡ್ದೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಈ ಬರಹ ಇಷ್ಟೇ ನೋಡಿ. ಎಲ್ಲಿ ಹುಡುಕಿದ್ವಿ ಅನ್ನೋ ಪಟ್ಟಿ ಇಲ್ಲದೆ ಹೇಳೋ "ಇಲ್ಲ"ಕ್ಕೆ ಬೆಲೆ ಇಲ್ಲ.

ಡ್ರೈವ್‌ಗೊಂದು ಅಕ್ಷರ ಕೊಟ್ಟು ಸಿ, ಡಿ, ಇ ಅಂತ ಸಾಲಾಗಿ ನಿಲ್ಲಿಸೋ ಪದ್ಧತಿ ಯೂನಿಕ್ಸ್ ಕಡೆ ಇಲ್ಲ. ಅಲ್ಲಿ ಇರೋದು ಒಂದೇ ಮರ, ಬುಡದಲ್ಲಿ ಸ್ಲ್ಯಾಶ್. ಬೇರೆ ಬೇರೆ ಡಿಸ್ಕುಗಳನ್ನ ಆ ಮರದ ಕೊಂಬೆಗಳಿಗೆ ಕಸಿ ಕಟ್ಟಬೇಕು. ಮೌಂಟ್ ಅಂದ್ರೆ ಅದೇ. 1971ರ ಮೊದಲ ಯೂನಿಕ್ಸ್ ಕೈಪಿಡಿಯಲ್ಲೇ ಈ ಕಮಾಂಡ್ ಇದೆ. ಕಸಿ ಕಟ್ಟದ ಡಿಸ್ಕು ಯಂತ್ರದೊಳಗೇ ಇದ್ರೂ ಫೈಂಡ್ ಕಣ್ಣಿಗೆ ಬೀಳಲ್ಲ. ಕಟ್ಟಿದ್ರೂ, 'ಎಕ್ಸ್‌ಡೆವ್' ಹಾಕಿದ್ರೆ ಫೈಂಡ್ ಆ ಕೊಂಬೆಗೆ ಹತ್ತಲ್ಲ. ಶುರುಮಾಡಿದ ಫೈಲ್‌ಸಿಸ್ಟಂ ಒಳಗೇ ಸುತ್ತಿ ವಾಪಸ್ ಬರುತ್ತೆ. ನಾನು ಎರಡೂ ತಪ್ಪು ಒಟ್ಟಿಗೇ ಮಾಡಿದ್ದೆ.

ದೊಡ್ಡಪ್ಪನಿಗೆ ಇದನ್ನ ಅರ್ಥ ಮಾಡಿಸೋಕೆ ಹೋದೆ, ಅವರೇ ನನಗೆ ಅರ್ಥ ಮಾಡಿಸಿದ್ರು. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿಕಾರಿಪುರದ ಶಾಸನಗಳು 1902ರ 7ನೇ ಸಂಪುಟದಲ್ಲಿ, ಸೊರಬದವು 1904ರ 8ನೇ ಸಂಪುಟದಲ್ಲಿ. ತಾಳಗುಂದದ ಕಂಬದ ಶಾಸನ ಅಂದ್ರೆ 7ನೇ ಸಂಪುಟ, ಶಿಕಾರಿಪುರ 176. "ಕುಬಟೂರಿನ ಶಾಸನ ಹುಡುಕ್ತಾ 7ನೇ ಸಂಪುಟ ಪೂರ್ತಿ ತಿರುವಿ, ಸೊರಬ ತಾಲ್ಲೂಕಲ್ಲಿ ಶಾಸನವೇ ಇಲ್ಲ ಅಂದಂಗಾಯ್ತು ನೀನು ಮಾಡಿದ್ದು" ಅಂದ್ರು. ನಾನು ಬಾಯಿ ಮುಚ್ಚಿಕೊಂಡೆ. :-)

ಹಾಗಾದ್ರೆ ಸರಿಯಾದ ಕ್ರಮ ಏನು? ಮೊದಲು ಪಟ್ಟಿ, ಆಮೇಲೆ ಹುಡುಕಾಟ.

ಒಂದು, ಎಲ್‌ಎಸ್‌ಬಿಎಲ್‌ಕೆ, ಜೊತೆಗೆ ಹೈಫನ್ ಎಫ್. ಯಂತ್ರದ ಅಷ್ಟೂ ಡಿಸ್ಕು, ಪಾರ್ಟಿಷನ್ನುಗಳನ್ನ ತೋರಿಸುತ್ತೆ, ಮೌಂಟ್ ಆಗದೇ ಇರೋದನ್ನೂ. ದೊಡ್ಡಪ್ಪನ 'ಹೋದ' ಡಿ ಡ್ರೈವ್ ಅಲ್ಲೇ ಇತ್ತು. ಎನ್‌ಟಿಎಫ್‌ಎಸ್ ಅಂತ ಗುರುತೂ ಇತ್ತು. ಮೌಂಟ್ ಜಾಗದ ಕಾಲಂ ಮಾತ್ರ ಖಾಲಿ.

ಎರಡು, ಅದನ್ನ ಓದೋಕೆ ಮಾತ್ರ, ಅಂದ್ರೆ 'ಆರ್‌ಓ' ಆಯ್ಕೆ ಹಾಕಿ ಮೌಂಟ್ ಮಾಡೋದು. ಅನುಮಾನದ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು.

ಮೂರು, ಫೈಂಡ್‌ಎಂಎನ್‌ಟಿ. ಫೈಂಡ್ ಪಕ್ಕ ಎಂ, ಎನ್, ಟಿ, ಅಷ್ಟೇ. ಕರ್ನಲ್ ಇಟ್ಟಿರೋ ಮೌಂಟ್ ಪಟ್ಟಿಯನ್ನ ನಾಲ್ಕು ಕಾಲಂನಲ್ಲಿ ಕೊಡುತ್ತೆ: ಎಲ್ಲಿ ಕಟ್ಟಿದೆ, ಯಾವ ಡಿಸ್ಕು, ಯಾವ ಜಾತಿ, ಏನು ಷರತ್ತು. ಪ್ರಾಕ್, ಸಿಸ್‌ಎಫ್‌ಎಸ್ ಅಂತ ಡಿಸ್ಕಿಲ್ಲದ ಸಾಲುಗಳು ಕಣ್ಣು ಕೆಡಿಸಿದ್ರೆ 'ರಿಯಲ್' ಆಯ್ಕೆ ಹಾಕಿ. ದೊಡ್ಡ ಟಿ ಹಾಕಿ ಒಂದು ಫೋಲ್ಡರ್ ಹೆಸರು ಕೊಟ್ರೆ, ಅದು ಯಾವ ಫೈಲ್‌ಸಿಸ್ಟಂ ಮೇಲೆ ಕೂತಿದೆ ಅಂತಾನೂ ಹೇಳುತ್ತೆ.

ನಾಲ್ಕು, ಆಮೇಲೆ ಫೈಂಡ್. ಪಟ್ಟಿಯ ಒಂದೊಂದೇ ಜಾಗದ ಹೆಸರು ಹೇಳಿ ಹುಡುಕೋದು. ಲೊಕೇಟ್ ನಂಬೋ ಸ್ನೇಹಿತರೇ, ಡೆಬಿಯನ್, ಉಬುಂಟುಗಳಲ್ಲಿ ಅದರ ಸಂರಚನೆ ಮೀಡಿಯಾ ಫೋಲ್ಡರನ್ನ ಮೊದಲೇ ಹೊರಗಿಟ್ಟಿರುತ್ತೆ. ಉಬುಂಟುವಿನಲ್ಲಿ ಪೆನ್ ಡ್ರೈವ್ ಮೌಂಟ್ ಆಗೋದೂ ಅಲ್ಲೇ! ಇನ್ನು ಹಳೇ ನುಡಿ ಫೈಲಿನ ಒಳಗೆ ಯೂನಿಕೋಡಿನಲ್ಲಿ "ತಾಳಗುಂದ" ಅಂತ ಹುಡುಕಬೇಡಿ. ಅಲ್ಲಿ ಕನ್ನಡ ಕಾಣೋದು ಫಾಂಟಿನ ದಯೆಯಿಂದ, ಒಳಗಿರೋ ಸಂಕೇತಗಳೇ ಬೇರೆ. ಫೈಲಿನ ಹೆಸರು, ತಾರೀಖು ಹಿಡಿದು ಹುಡುಕಿ.

ಟಿಪ್ಪಣಿ ಅಷ್ಟೂ ಸಿಕ್ಕಿತು. ಬೇರೆ ಡಿಸ್ಕಿಗೆ ಪ್ರತಿ ಮಾಡಿಕೊಟ್ಟೆ.

ಈಗ ಕೆಲವರು ಹೇಳ್ತಾರೆ, "ಇದೆಲ್ಲಾ ಇಂಜಿನಿಯರುಗಳ ಆಟ, ಹಳ್ಳಿ ಜನಕ್ಕೆ ಚಿತ್ರ ಒತ್ತೋದು ಸಾಕು" ಅಂತ. ಚಿತ್ರ ಒತ್ತಿದ್ರೂ ಡಿಸ್ಕು ಮೌಂಟ್ ಆಗುತ್ತೆ, ಒಪ್ಪಿದೆ. ಆದ್ರೆ ಹುಡುಕಾಟ "ಏನೂ ಸಿಗಲಿಲ್ಲ" ಅಂದಾಗ ಎಲ್ಲಿ ಸಿಗಲಿಲ್ಲ ಅಂತ ತಿಳಿಯೋಕೆ ಪಟ್ಟಿ ಬೇಕೇ ಬೇಕು. ಪಟ್ಟಿ ಓದೋದು ನಮ್ಮ ಜನಕ್ಕೆ ಬರಲ್ಲ ಅಂತೀರಾ? ಸೊರಬದ ಯಾವ ರೈತನನ್ನಾದ್ರೂ ಕೇಳಿ. ಸರ್ವೆ ನಂಬರ್, ಹಿಸ್ಸಾ, ಖುಷ್ಕಿಯೋ ತರಿಯೋ ಬಾಗಾಯ್ತೋ, ಮೇಲೆ ಸಾಲ ಎಷ್ಟು, ಪಹಣಿಯ ಒಂದೊಂದು ಕಾಲಂ ಬಾಯಲ್ಲೇ ಹೇಳ್ತಾನೆ. ಅಷ್ಟೊಂದು ಕಾಲಂ ಓದೋನಿಗೆ ನಾಲ್ಕು ಕಾಲಂ ಕಷ್ಟವೇ? ಕಷ್ಟ ಆಗಿರೋದು ಕನ್ನಡದಲ್ಲಿ ಕೂತು ಹೇಳಿಕೊಡೋಕೆ ಸೋಮಾರಿತನ ಪಡೋ ನಮಗೆ.

ನನಗೆ ನಿದ್ದೆ ಕೆಡಿಸಿದ್ದು ಸಿಕ್ಕಿದ ಟಿಪ್ಪಣಿ ಅಲ್ಲ. ಎರಡು ವರ್ಷದ ಹಿಂದೆ ಇದೇ ಥರ "ಏನೂ ಇಲ್ಲ" ಅನ್ನೋ ಮಾತು ನಂಬಿ ದೊಡ್ಡಪ್ಪ ಒಂದು ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿಸಿ, ಅದರ ಮೇಲೆ ಭಜನೆ ಹಾಡು ತುಂಬಿಸಿಬಿಟ್ಟಿದ್ರು. ಅದರಲ್ಲಿ ನಮ್ಮೂರ ಕೆರೆ ಏರಿಯ ವೀರಗಲ್ಲಿನ ಫೋಟೋ ಇತ್ತು. ಈಗ ಆ ಕಲ್ಲಿನ ಅಕ್ಷರದ ಪಟ್ಟಿ ಮೇಲೆ ಸಿಮೆಂಟು ಮೆತ್ತಿದ್ದಾರೆ. ಓದೋಕಾಗಲ್ಲ. ಆ ಫೋನ್ ಬಂದಾಗ ನಾನು ಬೆಂಗಳೂರಲ್ಲಿ ಮೀಟಿಂಗಿನಲ್ಲಿದ್ದೆ, "ಅಂಗಡಿಯವರು ಹೇಳಿದಂಗೆ ಮಾಡಿ ದೊಡ್ಡಪ್ಪ" ಅಂದಿದ್ದೆ.

ನಿಮ್ಮ ಮನೆಯಲ್ಲೂ ಇಂಥ ಒಬ್ಬ ದೊಡ್ಡಪ್ಪ ಇರ್ತಾರೆ. ಫೋನ್ ಬಂದ್ರೆ ನನ್ನ ಥರ ಮಾಡಬೇಡಿ. ಪಟ್ಟಿ ಓದಿಸಿ. ಏನಂತೀರಿ?