ಜಗಳ ಅವರದು, ಬಿಲ್ಲು ನಮ್ಮದು

ಕೋವಿಡ್ ಕಾಲದಲ್ಲಿ ವಿಮಾ ಕಂಪನಿಗಳು ಕ್ಲೇಮು ತಿರಸ್ಕರಿಸಲು ಕೊಟ್ಟ ಕಾರಣಗಳಲ್ಲಿ ಒಂದನ್ನು ಮಾತ್ರ ನನಗೆ ಇವತ್ತಿಗೂ ಅರಗಿಸಿಕೊಳ್ಳಲು ಆಗಿಲ್ಲ: ‘ಈ ರೋಗಿಯನ್ನು ಅಡ್ಮಿಟ್ ಮಾಡುವ ಅಗತ್ಯವಿರಲಿಲ್ಲ.’ ಆಕ್ಸಿಜನ್ ಮಟ್ಟ 95, ನಾಡಿ ಸರಿ, ಜ್ವರ ಅಷ್ಟಕ್ಕಷ್ಟೆ. ಮನೆಯಲ್ಲೇ ಮಾತ್ರೆ ನುಂಗಿ ಗುಣವಾಗಬಹುದಿತ್ತು ಎಂಬುದು ಆ ಪತ್ರಗಳ ಧಾಟಿ. ಇಂಗ್ಲಿಷಿನಲ್ಲಿ ಮೂರು ಸಾಲು, ಕೆಳಗೆ ‘ಇದು ಕಂಪ್ಯೂಟರಿನಲ್ಲಿ ತಯಾರಾದ ಪತ್ರ, ಸಹಿ ಬೇಕಿಲ್ಲ’ ಎಂಬ ಒಕ್ಕಣೆ. ಬರೆದವರು ರೋಗಿಯ ಮುಖ ನೋಡಿದವರಲ್ಲ. ರೋಗಿ ಗುಣವಾಗಿ ಮನೆ ಸೇರಿದ ಮೇಲೆ, ಡಿಸ್ಚಾರ್ಜ್ ಕಾಗದ ಮುಂದಿಟ್ಟುಕೊಂಡು, ಆ ರಾತ್ರಿ ಏನು ಮಾಡಬೇಕಿತ್ತು ಎಂದು ತೀರ್ಪು ಕೊಟ್ಟವರು.

ಝಳಕಿಯಂಥ ಊರಲ್ಲಿ ಕೂತು ಈ ಸಾಲು ಓದಿದರೆ ಸಿಟ್ಟು ಇನ್ನೂ ಏರುತ್ತದೆ. ವಿಜಯಪುರ–ಸೋಲಾಪುರ ಹೆದ್ದಾರಿಯ ಹೆಚ್ಚುಕಡಿಮೆ ನಡುವಿನ ಊರು ಇದು. ಮುಂದೆ ಹೋದರೆ ಧೂಳಖೇಡ, ಅಲ್ಲಿ ಭೀಮಾ ನದಿ, ದಾಟಿದರೆ ಮಹಾರಾಷ್ಟ್ರ. ಈ ಕಡೆಯ ಜನಕ್ಕೆ ದೊಡ್ಡ ಕಾಯಿಲೆ ಅಂದರೆ ಸೋಲಾಪುರ ಇಲ್ಲವೆ ವಿಜಯಪುರ. ಸಿಂದಗಿಯವರು ಕಲಬುರಗಿಯ ದಾರಿಯನ್ನೂ ಹಿಡಿಯುತ್ತಾರೆ, ಮುದ್ದೇಬಿಹಾಳದವರು ಬಾಗಲಕೋಟೆಗೂ ಹೋಗುತ್ತಾರೆ. 2021ರಲ್ಲಿ ಗಡಿ ದಾಟಿ ಬರುವವರಿಗೆ ಆರ್‌ಟಿಪಿಸಿಆರ್ ನೆಗೆಟಿವ್ ರಿಪೋರ್ಟು ಕೇಳುತ್ತಿದ್ದ ಕಾಲ ನೆನಪು ಮಾಡಿಕೊಳ್ಳಿ. ಕೋವಿಡ್ಡೋ, ಸಂಜೆ 95 ಇದ್ದ ಆಕ್ಸಿಜನ್ನು ಬೆಳಗಿನ ಜಾವಕ್ಕೆ 85ಕ್ಕೆ ಇಳಿಸಬಲ್ಲ ಬೇನೆ. ಬೆಂಗಳೂರಿನಲ್ಲಿ ಮನೆಯಿಂದ ಎರಡು ಕಿಲೋಮೀಟರಿಗೆ ಆಸ್ಪತ್ರೆ ಇರುವವನಿಗೆ ‘ಮನೆಯಲ್ಲೇ ಇರು, ಆಕ್ಸಿಜನ್ ಕಡಿಮೆಯಾದರೆ ಬಾ’ ಎಂದು ವೈದ್ಯರು ಹೇಳಬಹುದು. ಐವತ್ತು ಕಿಲೋಮೀಟರಿನ ಆಚೆಯಿಂದ ಬಾಡಿಗೆ ಜೀಪಿನಲ್ಲಿ ಬಂದವನಿಗೆ ಅದೇ ವೈದ್ಯರು ‘ಈಗ ಅಡ್ಮಿಟ್ ಆಗ್ರಿ, ನಾಳೆ ಬೆಡ್ ಸಿಗಾಂಗಿಲ್ಲ’ ಅನ್ನುತ್ತಾರೆ. ಎರಡೂ ವೈದ್ಯಕೀಯ ಸಲಹೆಯೇ. ದೂರ ಎಂಬುದು ರೋಗದ ಲೆಕ್ಕದಲ್ಲಿ ಬರುತ್ತದೆ ಎಂದು ಹಳ್ಳಿಯ ಯಾವ ಡಾಕ್ಟರಿಗೂ ಗೊತ್ತು. ವಿಮಾ ಕಂಪನಿಯ ಚೆಕ್‌ಲಿಸ್ಟಿನಲ್ಲಿ ಮಾತ್ರ ಅದಕ್ಕೊಂದು ಕಾಲಂ ಇಲ್ಲ.

ನಿಯಮಗಳೇ ಇರಲಿಲ್ಲ ಅನ್ನುವಂತೆಯೂ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2020ರ ಮಾರ್ಚ್ 4ರಂದೇ ಸುತ್ತೋಲೆ ಹೊರಡಿಸಿತ್ತು. ಆಸ್ಪತ್ರೆ ಖರ್ಚು ಕೊಡುವ ಪಾಲಿಸಿಗಳೆಲ್ಲ ಕೋವಿಡ್‌ಗೂ ಕೊಡಬೇಕು, ಕ್ಲೇಮು ಬೇಗ ಮುಗಿಸಬೇಕು, ಪರಿಶೀಲನಾ ಸಮಿತಿ ಕೂಲಂಕಷವಾಗಿ ನೋಡದೆ ಯಾವುದನ್ನೂ ತಿರಸ್ಕರಿಸಬಾರದು ಎಂದು ಅದರಲ್ಲಿತ್ತು. ದೇಶದ ಮೊದಲ ಕೋವಿಡ್ ಸಾವು ಪಕ್ಕದ ಕಲಬುರಗಿಯಲ್ಲಿ ದೃಢಪಟ್ಟದ್ದು ಅದಾದ ಎಂಟು ದಿನಕ್ಕೆ. ರೋಗ ಹಬ್ಬುವ ಮುಂಚೆ ನಿಯಮ ಬಂದ ಉದಾಹರಣೆ ನಮ್ಮ ದೇಶದಲ್ಲಿ ಅಪರೂಪ, ಅದಕ್ಕೆ ಪ್ರಾಧಿಕಾರವನ್ನು ಮೆಚ್ಚಲೇಬೇಕು. ಕೆಟ್ಟದ್ದು ಆಮೇಲೆ.

2020ರ ಜುಲೈ 10ರ ಹೊತ್ತಿಗೆ ‘ಕೊರೊನಾ ಕವಚ’ ಮಾರುಕಟ್ಟೆಗೆ ಬಂತು. ಸಾಮಾನ್ಯ ಮತ್ತು ಆರೋಗ್ಯ ವಿಮೆಯ ಕಂಪನಿಗಳಿಗೆಲ್ಲ ಇದನ್ನು ಮಾರುವುದು ಕಡ್ಡಾಯವಾಗಿತ್ತು. 50 ಸಾವಿರದಿಂದ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು, ಪಿಪಿಇ ಕಿಟ್ಟಿನ ದುಡ್ಡು, ವೈದ್ಯರ ನಿಗಾದಲ್ಲಿ ಮನೆಯಲ್ಲೇ ಚಿಕಿತ್ಸೆ ಪಡೆದರೆ 14 ದಿನದವರೆಗಿನ ಖರ್ಚು, ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಇದ್ದರೂ ಕೋವಿಡ್ ಜತೆಗೆ ಅದರ ಚಿಕಿತ್ಸೆ. ಇದರ ಜತೆಗೇ ‘ಕೊರೊನಾ ರಕ್ಷಕ’ ಎಂಬ ಇನ್ನೊಂದು ಪಾಲಿಸಿ. ಅದರಲ್ಲಿ ಬಿಲ್ಲಿನ ಲೆಕ್ಕವಿಲ್ಲ. ಪಾಸಿಟಿವ್ ಬಂದು, ಸತತ 72 ಗಂಟೆ ಆಸ್ಪತ್ರೆಯಲ್ಲಿದ್ದರೆ ಪೂರ್ತಿ ಮೊತ್ತ, ಹೆಚ್ಚೆಂದರೆ ಎರಡೂವರೆ ಲಕ್ಷ, ಒಂದೇ ಗಂಟಿನಲ್ಲಿ ಕೈಗೆ.

ಈ 72 ಗಂಟೆಯ ಷರತ್ತನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸೋಮವಾರ ರಾತ್ರಿ ಹತ್ತಕ್ಕೆ ಸೇರಿದವನು ಗುರುವಾರ ಸಂಜೆ ಆರಕ್ಕೆ ಹೊರಬಂದರೆ 68 ಗಂಟೆ. ಸಿಗುವುದು ಸೊನ್ನೆ. ಎರಡನೆಯ ಅಲೆಯಲ್ಲಿ ಹೊರಗೆ ಆಂಬುಲೆನ್ಸುಗಳು ಸಾಲುಗಟ್ಟಿದಾಗ, ಸ್ವಲ್ಪ ಸುಧಾರಿಸಿದವರನ್ನು ಕಳಿಸಿ ಬೆಡ್ಡು ಖಾಲಿ ಮಾಡಿಸುವುದು ಆಸ್ಪತ್ರೆಗಳಿಗೆ ಅನಿವಾರ್ಯವಾಗಿತ್ತು. ಹಾಗೆ ಎದ್ದುಹೋಗಿ ಇನ್ನೊಬ್ಬರ ಜೀವಕ್ಕೆ ಜಾಗ ಕೊಟ್ಟವನಿಗೆ ಪಾಲಿಸಿಯ ಲೆಕ್ಕದಲ್ಲಿ ನಷ್ಟ; ಹಟ ಹಿಡಿದು ನಾಲ್ಕು ಗಂಟೆ ಹೆಚ್ಚು ಮಲಗಿದವನಿಗೆ ಲಾಭ. ಇನ್ನು 72 ಗಂಟೆ ಮುಗಿಸಿ ಬಂದವರಿಗೂ ‘ಅಡ್ಮಿಶನ್ ಅಗತ್ಯವಿರಲಿಲ್ಲ’ ಎಂಬ ಪತ್ರ ಬಂದದ್ದುಂಟು. ಅವರಲ್ಲಿ ಗ್ರಾಹಕ ಆಯೋಗಗಳ ಮೆಟ್ಟಿಲು ಹತ್ತಿದ ಹಲವರು ಗೆದ್ದಿದ್ದಾರೆ. ಹತ್ತದವರ ಲೆಕ್ಕ ಇಟ್ಟವರು ಯಾರು?

ಅವಧಿಯ ಕತೆಯೂ ಹೀಗೇ. ಈ ಪಾಲಿಸಿಗಳ ಆಯುಷ್ಯ ಮೂರೂವರೆ, ಆರೂವರೆ, ಒಂಬತ್ತೂವರೆ ತಿಂಗಳು. 2020ರ ಆಗಸ್ಟ್‌ನಲ್ಲಿ ಆರೂವರೆ ತಿಂಗಳದ್ದನ್ನು ಕೊಂಡವನ ಪಾಲಿಸಿ ಮುಂದಿನ ಫೆಬ್ರುವರಿ–ಮಾರ್ಚ್‌ಗೆ ಮುಗಿಯಿತು. ದೊಡ್ಡ ಅಲೆ ಎದ್ದದ್ದು ಏಪ್ರಿಲ್‌ನಲ್ಲಿ. ನವೀಕರಣಕ್ಕೆ ಅವಕಾಶವಿತ್ತು ನಿಜ, ಆದರೆ ಅದನ್ನು ನೆನಪಿಸಬೇಕಾದ ಏಜೆಂಟರಿಗೆ ಅಷ್ಟು ಸಣ್ಣ ಪ್ರೀಮಿಯಮ್ಮಿನ ಪಾಲಿಸಿಯಲ್ಲಿ ಎಷ್ಟು ಆಸಕ್ತಿ ಇದ್ದೀತು, ನೀವೇ ಹೇಳಿ.

ಈಗ ದುಡ್ಡಿನ ವಿಷಯ. ಖಾಸಗಿ ಆಸ್ಪತ್ರೆಗಳಿಗೆ ಕರ್ನಾಟಕ ಸರ್ಕಾರ 2020ರ ಜೂನ್ 23ರಂದು ದರ ನಿಗದಿ ಮಾಡಿತು. ಸರ್ಕಾರವೇ ಕಳಿಸಿದ ರೋಗಿಗೆ ಜನರಲ್ ವಾರ್ಡಿನಲ್ಲಿ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಇರುವ ಐಸಿಯುವಿನಲ್ಲಿ 10,000. ನೇರವಾಗಿ ಬಂದು ದುಡ್ಡು ಕಟ್ಟುವವನಿಗೆ ಅವೇ 10,000 ಮತ್ತು 25,000. ಅದೇ ಜೂನ್‌ನಲ್ಲಿ ವಿಮಾ ಕಂಪನಿಗಳ ಕೂಟವಾದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ತನ್ನದೇ ದರಪಟ್ಟಿ ಹೊರಡಿಸಿತು. ಅದರಲ್ಲಿ ತೀರಾ ಗಂಭೀರ ರೋಗಿಗೆ, ಮಾನ್ಯತೆ ಪಡೆದ ಆಸ್ಪತ್ರೆಯಲ್ಲೂ, ದಿನಕ್ಕೆ 18,000. ಅಂದರೆ ಸರ್ಕಾರ 25,000ದವರೆಗೆ ವಸೂಲಿಗೆ ಒಪ್ಪಿಗೆ ಕೊಟ್ಟಿದೆ, ಕಂಪನಿ 18,000ಕ್ಕೆ ಗೆರೆ ಎಳೆದಿದೆ. ನಡುವಿನ ಏಳು ಸಾವಿರ ಯಾರದು? ಹತ್ತು ದಿನಕ್ಕೆ ಎಪ್ಪತ್ತು ಸಾವಿರ. ಲಿಂಬೆ ತೋಟದ ಮೇಲೆ ಕೈಗಡ ಎತ್ತಿದವನದು, ಮತ್ಯಾರದು? ಕೌನ್ಸಿಲ್ಲಿನ ಪಟ್ಟಿ ಪಾಲಿಸಿಯ ಭಾಗವಲ್ಲ. ರೋಗಿ ಅದಕ್ಕೆ ಸಹಿ ಹಾಕಿಲ್ಲ, ಆ ಜೂನ್‌ಗೆ ಮುಂಚೆ ಪಾಲಿಸಿ ಕೊಂಡವರ ಮಟ್ಟಿಗೆ ಅದು ಹುಟ್ಟಿಯೇ ಇರಲಿಲ್ಲ. ಕಡೆಗೆ 2021ರ ಜನವರಿಯಲ್ಲಿ ಪ್ರಾಧಿಕಾರವೇ, ಕ್ಲೇಮುಗಳನ್ನು ಪಾಲಿಸಿಯ ಷರತ್ತಿನಂತೆ ಇತ್ಯರ್ಥ ಮಾಡಿ ಎಂದು ಕಂಪನಿಗಳಿಗೆ ತಾಕೀತು ಮಾಡಬೇಕಾಯಿತು. ಅಷ್ಟರಲ್ಲಿ ಒಂದು ಅಲೆ ಮುಗಿದಿತ್ತು.

ಕಂಪನಿಗಳ ಮಾತಿನಲ್ಲಿ ಹುರುಳೇ ಇಲ್ಲ ಅನ್ನುವುದಿಲ್ಲ. ಸಾದಾ ಕೆಮ್ಮಿನವರನ್ನೂ ‘ಪ್ಯಾಕೇಜ್’ ಮಾತಾಡಿ ಮಲಗಿಸಿಕೊಂಡ ಆಸ್ಪತ್ರೆಗಳಿದ್ದವು. ಪಾಲಿಸಿ ಇದೆ ಎಂದು ಗೊತ್ತಾದ ಕೂಡಲೇ ಬಿಲ್ಲಿನ ಬಣ್ಣ ಬದಲಾಗುತ್ತಿತ್ತು. ರಕ್ಷಕ ಪಾಲಿಸಿಯ ಗಂಟಿಗಾಗಿಯೇ ಮೂರು ದಿನ ಮಲಗಿದವರೂ ಇದ್ದಿರಬಹುದು. ಒಪ್ಪೋಣ. ಆದರೆ ಅಕ್ರಮ ಮಾಡಿದ ಆಸ್ಪತ್ರೆಯನ್ನು ಹಿಡಿಯುವ ಶಕ್ತಿ ಯಾರಿಗಿದೆ? ನೆಟ್‌ವರ್ಕ್ ಪಟ್ಟಿಯಿಂದ ತೆಗೆದುಹಾಕುವ ಅಧಿಕಾರ ಕಂಪನಿಗಿದೆ, ವಕೀಲರಿದ್ದಾರೆ, ತನಿಖೆಗೆ ಜನರಿದ್ದಾರೆ, ಕ್ಲೇಮು ನಿರ್ವಹಿಸುವ ಮಧ್ಯವರ್ತಿ ಸಂಸ್ಥೆ (ಟಿಪಿಎ) ಇದೆ. ಇಷ್ಟೆಲ್ಲ ಇದ್ದೂ ಅದು ಆಸ್ಪತ್ರೆಯನ್ನು ಬಿಟ್ಟು ರೋಗಿಯ ಕೊರಳು ಹಿಡಿಯುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತ ನಮ್ಮಲ್ಲಿ ಅನ್ನುವುದು ಇದಕ್ಕೇ. ನೋಂದಾಯಿತ ವೈದ್ಯರು, ಪರವಾನಗಿ ಇರುವ ಆಸ್ಪತ್ರೆಯಲ್ಲಿ, ಅಡ್ಮಿಟ್ ಮಾಡಿದ್ದರೆ ರೋಗಿಯ ಮಟ್ಟಿಗೆ ಅಗತ್ಯ ಸಾಬೀತಾದಂತೆ. ಕಂಪನಿ ಮೊದಲು ದುಡ್ಡು ಕೊಡಲಿ, ತಕರಾರಿದ್ದರೆ ಆಸ್ಪತ್ರೆಯ ಮೇಲೆ ದಾವೆ ಹೂಡಿ ವಸೂಲಿ ಮಾಡಿಕೊಳ್ಳಲಿ. ರೋಗಿಯೂ ಮೋಸದಲ್ಲಿ ಪಾಲುದಾರ ಅನ್ನುವುದಾದರೆ ಅದನ್ನು ರುಜು ಮಾಡುವ ಹೊಣೆ ಕಂಪನಿಯದು.

ಇದು ಪಾಲಿಸಿ ಇದ್ದವರ ಮಾತಾಯಿತು. ನಮ್ಮ ಸೀಮೆಯಲ್ಲಿ ಬಹಳ ಮಂದಿಗೆ ವಿಮೆ ಅಂದರೆ ಬೆಳೆವಿಮೆ, ಇಲ್ಲವೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಕೊನೆಗೆ ಆಗ ಕಾಣುತ್ತಿದ್ದ ಎರಡು ಸಾಲು: 330 ಒಂದು, 12 ಒಂದು. ‘ಎರಡೂ ಕಟ್ ಆಗ್ಯಾವಲ್ರಿ, ಮತ್ತ ನಾಲ್ಕು ಲಕ್ಷ ಯಾಕ ಬರಾಂಗಿಲ್ಲ?’ ಎಂಬುದು ಸತ್ತವರ ಮನೆಯವರು ಬ್ಯಾಂಕಿಗೆ ಹೋಗಿ ಕೇಳುತ್ತಿದ್ದ ಪ್ರಶ್ನೆ. ಉತ್ತರ ಸರಳ. 330 ರೂಪಾಯಿಯದು ಪ್ರಧಾನಮಂತ್ರಿ ಜೀವನ್ ಜ್ಯೋತಿ. ಯಾವ ಕಾರಣದ ಸಾವಿಗೂ ಎರಡು ಲಕ್ಷ ಬರುತ್ತದೆ, ಕೋವಿಡ್ ಸಾವಿಗೂ. 12 ರೂಪಾಯಿಯದು ಸುರಕ್ಷಾ ವಿಮೆ. ಅದು ಅಪಘಾತಕ್ಕೆ ಮಾತ್ರ, ಕೋವಿಡ್‌ಗೆ ಇಲ್ಲ. (2022ರ ಜೂನ್‌ನಿಂದ ಈ ಕಂತುಗಳು 436 ಮತ್ತು 20 ಆಗಿವೆ.) ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಗೆ ಬರೆದು ಬ್ಯಾಂಕಿನ ಗೋಡೆಗೆ ಅಂಟಿಸಿದ್ದರೆ ಎಷ್ಟು ಜನರ ಅಲೆದಾಟ ತಪ್ಪುತ್ತಿತ್ತು. ಜೀವನ್ ಜ್ಯೋತಿಗೆ ಸಾವಿನ ಪುರಾವೆಯಾಗಿ ಮರಣ ಪ್ರಮಾಣಪತ್ರ ಸಾಕು, ಪಾಸಿಟಿವ್ ರಿಪೋರ್ಟು ಬೇಡ ಎಂಬುದನ್ನೂ ಅದರಲ್ಲೇ ಸೇರಿಸಬಹುದಿತ್ತು. ರಿಪೋರ್ಟಿಗಾಗಿ ಲ್ಯಾಬಿನ ಬಾಗಿಲು ಕಾದವರಲ್ಲಿ ಕೆಲವರಿಗಾದರೂ ಅದರ ಜರೂರೇ ಇರಲಿಲ್ಲ.

ಇದರಲ್ಲೂ ಒಂದು ಬಲೆ ಇತ್ತು. ಈ ವಿಮೆಯ ವರ್ಷ ಜೂನ್ 1ರಿಂದ ಮೇ 31. ಕಂತು ತಾನಾಗಿ ಕಡಿತವಾಗುವ ಹೊತ್ತಿಗೆ ಖಾತೆಯಲ್ಲಿ ದುಡ್ಡಿರಬೇಕು. 2020ರ ಮೇ ತಿಂಗಳು ಎಂಥದ್ದಿತ್ತು? ಗೋವಾ, ಮಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋದವರು ಲಾಕ್‌ಡೌನಿನಲ್ಲಿ ಬರಿಗೈಲಿ ಊರಿಗೆ ಮರಳಿದ ತಿಂಗಳು. ಆಗ ಖಾತೆ ಖಾಲಿಯಾಗಿ 330 ಕಡಿತವಾಗದೆ ಹೋದವನಿಗೆ, ಮತ್ತೆ ಸೇರದಿದ್ದರೆ, 2021ರ ಮೇನಲ್ಲಿ ವಿಮೆಯೇ ಇಲ್ಲ. ಬ್ಯಾಂಕಿನಿಂದ ಒಂದು ಮೆಸೇಜು ಬಂದಿದ್ದರೂ ಇಂಗ್ಲಿಷಿನಲ್ಲಿ ಬಂದಿರುತ್ತದೆ. ಮಹಾಮಾರಿಯ ವರ್ಷದಲ್ಲಿ ಆ 330 ರೂಪಾಯಿಯನ್ನು ಸರ್ಕಾರವೇ ತುಂಬಿದ್ದರೆ ಖಜಾನೆ ಮುಳುಗುತ್ತಿರಲಿಲ್ಲ.

ವಿಮೆ ಬೇರೆ, ಪರಿಹಾರ ಬೇರೆ ಎಂಬ ಗೊಂದಲವೂ ಇತ್ತು. 2021ರ ಜೂನ್ 30ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಕೋವಿಡ್‌ನಿಂದ ಸತ್ತವರ ಮನೆಯವರಿಗೆ ಸಿಕ್ಕ 50 ಸಾವಿರ ವಿಪತ್ತು ನಿಧಿಯದು. ಬಿಪಿಎಲ್ ಮನೆಗಳಿಗೆ ರಾಜ್ಯ ಕೊಟ್ಟ ಒಂದು ಲಕ್ಷ ಅದರ ಮೇಲಿನದು. ಇವೆರಡನ್ನು ಪಡೆದ ಮಾತ್ರಕ್ಕೆ ವಿಮೆಯ ಹಕ್ಕು ಹೋಗುವುದಿಲ್ಲ.

ಸಣ್ಣ ಊರಿನ ಸಣ್ಣ ಆಸ್ಪತ್ರೆಗಳದ್ದು ಇನ್ನೊಂದು ತಕರಾರು. ಪಾಲಿಸಿಯ ಪ್ರಕಾರ ‘ಆಸ್ಪತ್ರೆ’ ಅಂದರೆ ಸ್ಥಳೀಯ ಕಾನೂನಿನಡಿ ನೋಂದಣಿಯಾಗಿರಬೇಕು. ಇಲ್ಲವೆ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಾದರೆ ಕನಿಷ್ಠ ಹತ್ತು ಬೆಡ್ಡು, ಹಗಲೂ ರಾತ್ರಿ ನರ್ಸು, ವೈದ್ಯರು, ಆಪರೇಶನ್ ಥಿಯೇಟರು ಇರಬೇಕು. ಇಂಡಿ, ಸಿಂದಗಿಯಂಥ ಊರಿನ ಎಂಟು ಬೆಡ್ಡಿನ ನರ್ಸಿಂಗ್ ಹೋಮಿಗೆ ನೋಂದಣಿಯಿದ್ದರೆ ಬೆಡ್ಡು ಎಣಿಸುವ ಮಾತು ಬರಬಾರದು. ಕಲ್ಯಾಣ ಮಂಟಪ, ಹಾಸ್ಟೆಲುಗಳಲ್ಲಿ ಸರ್ಕಾರದ ಅನುಮತಿಯಿಂದ ತೆರೆದ ತಾತ್ಕಾಲಿಕ ಆಸ್ಪತ್ರೆಗಳನ್ನೂ ಆಸ್ಪತ್ರೆಯೆಂದೇ ಎಣಿಸಬೇಕು ಎಂದು 2020ರ ಜುಲೈ 16ರಂದು ಪ್ರಾಧಿಕಾರ ಹೇಳಿತ್ತು. ಬರೀ ಕ್ವಾರಂಟೈನಿಗೆ ಮಾತ್ರ, ಚಿಕಿತ್ಸೆಯಿಲ್ಲದೆ ಇದ್ದವರಿಗೆ, ಸಾಮಾನ್ಯ ಪಾಲಿಸಿಯಲ್ಲಿ ದುಡ್ಡಿಲ್ಲ. ಅದು ನ್ಯಾಯವೇ.

ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆಯಲ್ಲಿ ಕೆಲವು ಒಳ್ಳೆಯ ಸಂಗತಿಗಳಿವೆ. ಕ್ಯಾಶ್‌ಲೆಸ್ ಒಪ್ಪಿಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜಿನ ಒಪ್ಪಿಗೆ ಮೂರು ಗಂಟೆಯೊಳಗೆ. ಕ್ಲೇಮಿನ ಕಾಗದಗಳನ್ನು ಕಂಪನಿ ಆಸ್ಪತ್ರೆಯಿಂದಲೇ ತರಿಸಿಕೊಳ್ಳಬೇಕು, ಗ್ರಾಹಕನನ್ನು ಅಲೆಸಬಾರದು. ಪಾಲಿಸಿಯ ಸಾರಾಂಶದ ಹಾಳೆಯನ್ನು ಕೇಳಿದವರಿಗೆ ಅವರ ಭಾಷೆಯಲ್ಲೇ ಕೊಡಬೇಕು. ನಿಮ್ಮ ಏಜೆಂಟರನ್ನು ಅದು ಕನ್ನಡದಲ್ಲಿ ಬೇಕೆಂದು ಕೇಳಿ, ಸಂಕೋಚ ಬೇಡ. ಆದರೆ ‘ಅಡ್ಮಿಶನ್ ಅಗತ್ಯವಿತ್ತೇ’ ಎಂದು ಆಮೇಲೆ ಕೂತು ತೀರ್ಮಾನಿಸುವ ಅಧಿಕಾರ ಕಂಪನಿಯ ಕೈಯಲ್ಲೇ ಉಳಿದಿದೆ. ಮುಂದಿನ ಮಹಾಮಾರಿ ಬಂದರೆ ಅದೇ ಮೂರು ಸಾಲಿನ ಪತ್ರ ಮತ್ತೆ ಬರುತ್ತದೆ.

ಪತ್ರ ಬಂದರೆ ಎಲ್ಲಿಗೆ ಹೋಗಬೇಕು? ಮೊದಲು ಕಂಪನಿಯ ದೂರು ಅಧಿಕಾರಿ. ಅಲ್ಲಿ ಆಗದಿದ್ದರೆ, ಒಂದು ವರ್ಷದೊಳಗೆ, ವಿಮಾ ಓಂಬುಡ್ಸ್‌ಮನ್. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಡ. ತೀರ್ಪನ್ನು ಕಂಪನಿ 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿ ದಂಡ. ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗವೂ ಇದೆ. 2019ರ ಕಾಯ್ದೆಯ ಪ್ರಕಾರ ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ಇರುವ ಜಿಲ್ಲೆಯಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು.

ಆದರೆ ಇಡೀ ಕರ್ನಾಟಕಕ್ಕೆ ವಿಮಾ ಓಂಬುಡ್ಸ್‌ಮನ್ ಕಚೇರಿ ಇರುವುದು ಒಂದೇ, ಬೆಂಗಳೂರಿನಲ್ಲಿ. ಝಳಕಿಯಿಂದ ಐನೂರು ಕಿಲೋಮೀಟರಿಗೂ ಮೇಲೆ. ಭೀಮೆಯ ಆಚೆಯ ಮಹಾರಾಷ್ಟ್ರಕ್ಕೆ ಮುಂಬೈಯಲ್ಲೂ ಇದೆ, ಪುಣೆಯಲ್ಲೂ ಇದೆ. ವಿಡಿಯೋದಲ್ಲಿ ವಿಚಾರಣೆ ನಡೆಸಬಹುದು ಎನ್ನುತ್ತಾರೆ. ನೆಟ್‌ವರ್ಕ್ ಸಿಗದ ಹೊಲದಲ್ಲಿ ನಿಂತು ಎಂಥ ವಿಚಾರಣೆ? ವಿಜಯಪುರ ಜಿಲ್ಲೆಯ ಹೈಕೋರ್ಟ್ ಪ್ರಕರಣಗಳನ್ನು ಕಲಬುರಗಿಯ ಪೀಠ ವರ್ಷಗಳಿಂದ ಕೇಳುತ್ತಿದೆ. ವಿಮಾ ಓಂಬುಡ್ಸ್‌ಮನ್‌ಗೂ ಅದೇ ಊರಿನಲ್ಲಿ ಒಂದು ಕಚೇರಿ ಕೊಡಿಸಲು ಈ ಭಾಗದ ಸಂಸದರು ಹಣಕಾಸು ಸಚಿವಾಲಯದ ಬೆನ್ನು ಹತ್ತಬೇಕು. ಮುಂದಿನ ಸಲ ವೋಟು ಕೇಳಲು ಬಂದಾಗ, ಝಳಕಿ ಕ್ರಾಸಿನಲ್ಲೇ ನಿಲ್ಲಿಸಿ ಕೇಳಿ.