ದೇವರ ಕರೆಗೂ ಲೆಕ್ಕವುಂಟು

ಬೆಳ್ಳಟ್ಟಿಯವರಾಗಲಿ, ಶಿರಹಟ್ಟಿ-ಮುಂಡರಗಿ ಕಡೆಯವರಾಗಲಿ, ಮನೆಯಲ್ಲಿ ಯಾರಿಗಾದರೂ ಜಡ್ಡು ಜೋರಾದರೆ ಗದಗ-ಬೆಟಗೇರಿಯ ದಾರಿ ಹಿಡಿಯುತ್ತಾರೆ. ಬೆಟಗೇರಿಯಲ್ಲಿ ‘ಜರ್ಮನ್ ದವಾಖಾನೆ’ ಎಂದರೆ ಯಾರಾದರೂ ದಾರಿ ತೋರಿಸುತ್ತಾರೆ. ಅದರ ನಿಜವಾದ ಹೆಸರು ಬಾಸೆಲ್ ಮಿಷನ್ ಆಸ್ಪತ್ರೆ. ಬಾಸೆಲ್ ಊರು ಇರುವುದು ಸ್ವಿಟ್ಜರ್‌ಲೆಂಡಿನಲ್ಲಿ. ಆದರೆ ಆ ಸಂಸ್ಥೆಯಿಂದ ಬಂದ ಪಾದ್ರಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯವರು. ಹೀಗಾಗಿ ಜನರ ಬಾಯಲ್ಲಿ ‘ಜರ್ಮನ್’ ಎಂಬ ಹೆಸರೇ ನಿಂತಿತು. ಬೆಟಗೇರಿಯಲ್ಲಿ ಈ ಮಿಷನ್ನಿನ ಕೆಲಸ ಆರಂಭವಾದದ್ದು 1841ರಲ್ಲಿ.

ಈ ಪಾದ್ರಿಗಳ ಬದುಕಿನಲ್ಲಿ ವಿದ್ಯಾರ್ಥಿಗಳೂ ಪಾಲಕರೂ ಯೋಚಿಸಬೇಕಾದ ಒಂದು ಸಂಗತಿಯಿದೆ. ದೇವರು ತಮ್ಮನ್ನು ಕರೆದಿದ್ದಾನೆ ಎಂದು ನಂಬಿ ಸಮುದ್ರ ದಾಟಿ ಬಂದವರು ಇವರು. ಹಾಗೆಂದು ಇಲ್ಲಿ ಮನಸ್ಸಿಗೆ ತೋಚಿದಂತೆ ನಡೆಯಲು ಅವರಿಗೆ ಅವಕಾಶವಿರಲಿಲ್ಲ. ಮಾಡಿದ ಕೆಲಸದ ವರದಿಯನ್ನು ಬಾಸೆಲ್ಲಿನ ಸಮಿತಿಗೆ ತಪ್ಪದೆ ಬರೆದು ಕಳಿಸಬೇಕಿತ್ತು. ಮದುವೆಯಾಗಲೂ ಸಮಿತಿಯ ಅಪ್ಪಣೆ ಬೇಕಿತ್ತು. ಕಾಗದ ಹೋಗಿ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಆ ಕಾಗದಪತ್ರಗಳ ಭಂಡಾರ ಇಂದಿಗೂ ಬಾಸೆಲ್ಲಿನಲ್ಲಿದೆ.

ಒಂದು ಕಡೆ ಒಳಗಿನ ಕರೆ, ಇನ್ನೊಂದು ಕಡೆ ಹೊರಗಿನ ಹೊಣೆ. ಇವೆರಡೂ ಎದುರುಬದುರಾದರೆ ಗತಿಯೇನು? ಹಾಗೆ ಆದದ್ದೂ ಉಂಟು.

1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಅವರ ಹೆಸರನ್ನು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ವಿದ್ಯಾರ್ಥಿಗಳು ಓದಿರುತ್ತಾರೆ. ಅವರು ಹುಟ್ಟಿದ್ದು 1811ರಲ್ಲಿ, ಈ ನಾಡಿಗೆ ಬಂದದ್ದು 1836ರಲ್ಲಿ. 1852ರ ಸುಮಾರಿಗೆ ಅವರು ತಾಯ್ನಾಡಿಗೆ ಮರಳುವ ಸಿದ್ಧತೆಯಲ್ಲಿದ್ದರು. ಅಷ್ಟರಲ್ಲಿ ಕೊಡಗಿನ ಅಲ್ಮಂಡ ಮನೆತನದ ಸೋಮಯ್ಯ ಎಂಬವರು ಕ್ರೈಸ್ತ ಮತವನ್ನು ಅರಸಿ ಮಂಗಳೂರಿಗೆ ಬಂದರು. 1853ರಲ್ಲಿ ಅವರಿಗೆ ದೀಕ್ಷಾಸ್ನಾನವಾಯಿತು. ಒಬ್ಬಂಟಿಯಾಗಿ ಅವರನ್ನು ಊರಿಗೆ ಕಳಿಸುವುದೇ? ಬಾಸೆಲ್ಲಿಗೆ ಬರೆದು ಉತ್ತರಕ್ಕೆ ಕಾಯುವುದೇ? ಮೊಗ್ಲಿಂಗರು ಕಾಯಲಿಲ್ಲ. ದೇವರು ಕೊಡಗಿನ ಬಾಗಿಲು ತೆರೆದಿದ್ದಾನೆಂದು ನಂಬಿ ಸಮಿತಿಯ ಅಪ್ಪಣೆಯಿಲ್ಲದೆ ಹೊರಟೇಬಿಟ್ಟರು. ಪರಿಣಾಮವಾಗಿ ಕೊಡಗಿನ ಕೆಲಸ ಕೆಲವು ವರ್ಷ ಬಾಸೆಲ್ ಮಿಷನ್ನಿನ ಹೊರಗೇ, ಸ್ನೇಹಿತರ ನೆರವಿನಿಂದ ನಡೆಯಿತು.

ಇದನ್ನು ಧೈರ್ಯ ಎನ್ನಬೇಕೋ, ಉದ್ಧಟತನ ಎನ್ನಬೇಕೋ? ಉತ್ತರ ಅವರು ಆಮೇಲೆ ನಡೆದುಕೊಂಡ ರೀತಿಯಲ್ಲಿದೆ. ಮೊಗ್ಲಿಂಗರು ಮರೆಮಾಚಿ ಏನನ್ನೂ ಮಾಡಲಿಲ್ಲ. ಕೊಡಗಿನ ಇತಿಹಾಸವನ್ನೂ ತಮ್ಮ ಮಿಷನ್ನಿನ ವೃತ್ತಾಂತವನ್ನೂ ಒಂದೇ ಪುಸ್ತಕವಾಗಿ ಬರೆದು 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಮೆಚ್ಚುವವರೂ ಓದಲಿ, ತೆಗಳುವವರೂ ಓದಲಿ ಎಂಬಂತೆ ತೆರೆದಿಟ್ಟ ಲೆಕ್ಕವದು. ಕೊನೆಗೆ ಅದೇ ದಶಕದಲ್ಲಿ ಬಾಸೆಲ್ ಮಿಷನ್ ಆ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡಿತು.

ಇನ್ನೂ ಒಂದು ಮಾತು. ಮೊಗ್ಲಿಂಗರು ಬಯಸಿದಂತೆ ಕೊಡವರು ದೊಡ್ಡ ಸಂಖ್ಯೆಯಲ್ಲಿ ಕ್ರೈಸ್ತರಾಗಲಿಲ್ಲ. ಆನಂದಪುರದಲ್ಲಿ ಅವರು ಕಟ್ಟಿದ ಸಭೆಗೆ ಮುಖ್ಯವಾಗಿ ಬಂದವರು ಜೀತದಲ್ಲಿ ನಲುಗಿದ್ದ ಹೊಲೆಯರು. ಕರೆ ಕೇಳಿಸಿದ್ದು ಖರೆಯೇ ಆಗಿರಬಹುದು, ಅದಕ್ಕೆ ಅವರು ಮೊದಲು ಕಟ್ಟಿಕೊಂಡ ಅರ್ಥ ಮಾತ್ರ ಪೂರ್ತಿ ಸರಿಯಾಗಿರಲಿಲ್ಲ. ದೇವಭಕ್ತನ ಕಿವಿಯೂ ಮನುಷ್ಯನ ಕಿವಿಯೇ ಅಲ್ಲವೇ?

ಬೈಬಲ್ಲಿಗೆ ಈ ಎಚ್ಚರ ಹೊಸದಲ್ಲ. ಬಾಲಕ ಸಮುವೇಲನ ಕಥೆಯನ್ನೇ ನೋಡಿ. ಶೀಲೋವಿನ ದೇವಾಲಯದಲ್ಲಿ ಮಲಗಿದ್ದ ಹುಡುಗನಿಗೆ ರಾತ್ರಿ ಯಾರೋ ಕರೆದಂತಾಯಿತು. ಮುದಿ ಯಾಜಕ ಏಲಿಯೇ ಕರೆದನೆಂದು ಅವನ ಬಳಿಗೆ ಓಡಿದ. ಹೀಗೆ ಮೂರು ಸಲ ಆಯಿತು. ಅದು ದೇವರ ದನಿ ಎಂದು ಹೊಳೆದದ್ದು ಹುಡುಗನಿಗಲ್ಲ, ಕಣ್ಣು ಮಂಜಾಗಿದ್ದ ಆ ಮುದುಕನಿಗೆ. ಆದರೆ ಆ ದನಿ ತಿಳಿಸಿದ್ದು ಏಲಿಯ ಮನೆತನದ ಮೇಲಿನ ತೀರ್ಪನ್ನೇ! ತನ್ನ ಮಕ್ಕಳು ಮಾಡುತ್ತಿದ್ದ ಅನ್ಯಾಯವನ್ನು ಅವನು ತಡೆದಿರಲಿಲ್ಲ. ಬೆಳಿಗ್ಗೆ ಹೇಳಲು ಸಮುವೇಲ ಅಂಜಿದ. ಏಲಿ ಬಿಡಲಿಲ್ಲ, ಒಂದನ್ನೂ ಮುಚ್ಚಿಡಬಾರದೆಂದ. ಹುಡುಗ ಎಲ್ಲವನ್ನೂ ಹೇಳಿದ, ಮುದುಕ ಸಿಟ್ಟಾಗದೆ ಕೇಳಿಕೊಂಡ. ಕಿರಿಯ ತಾನು ಕೇಳಿದ್ದನ್ನು ಹಿರಿಯನ ಮುಂದಿಟ್ಟ. ಹಿರಿಯ ತನ್ನ ತಪ್ಪಿನ ಮಾತನ್ನೂ ಕಿರಿಯನ ಬಾಯಿಂದ ಕೇಳಿದ. ಹೊಣೆಗಾರಿಕೆ ಎಂದರೆ ಹೀಗೆ ಎರಡೂ ಕಡೆಯಿಂದ ನಡೆಯಬೇಕಾದದ್ದು.

ಹೊಸ ಒಡಂಬಡಿಕೆಯಲ್ಲೂ ಅಷ್ಟೇ. ಬಾರ್ನಬ ಮತ್ತು ಸೌಲರಿಗೆ ಬಂದ ಕರೆ ಅಂತಿಯೋಕ್ಯದ ಸಭೆ ಉಪವಾಸ ಪ್ರಾರ್ಥನೆಯಲ್ಲಿದ್ದಾಗ ಬಂದದ್ದು. ಪ್ರಯಾಣ ಮುಗಿದ ಮೇಲೆ ಅವರು ಮರಳಿ ಬಂದು ಅದೇ ಸಭೆಯ ಮುಂದೆ ನಡೆದದ್ದನ್ನೆಲ್ಲ ಹೇಳಿದರು. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಬೇಕೆಂದು ಮುಂದೆ ಬುದ್ಧಿ ಹೇಳಿದವನೂ ಆ ಸೌಲನೇ, ಅಂದರೆ ಪೌಲ.

ಈ ಪರೀಕ್ಷೆ ಇಲ್ಲದಿದ್ದರೆ ಏನಾಗುತ್ತದೆ? ಜಿಮ್ ಜೋನ್ಸ್ ಎಂಬ ಅಮೆರಿಕದ ಪಾದ್ರಿ ತನ್ನ ಅನುಯಾಯಿಗಳನ್ನು ದಕ್ಷಿಣ ಅಮೆರಿಕದ ಗಯಾನಾ ದೇಶದ ಕಾಡಿಗೆ ಕರೆದೊಯ್ದ. ಅಲ್ಲಿ ಅವನ ಮಾತನ್ನು ಪ್ರಶ್ನಿಸುವಂತಿರಲಿಲ್ಲ. 1978ರ ನವೆಂಬರ್ 18ರಂದು, ಹೆಚ್ಚಿನವರು ವಿಷದಿಂದ, 900ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೂರಾರು ಮಕ್ಕಳಿದ್ದರು. ಮಕ್ಕಳ ಪರವಾಗಿ ಪ್ರಶ್ನೆ ಕೇಳಬೇಕಾದ ದೊಡ್ಡವರು ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದರು.

ಜೋನ್ಸನಂಥ ಮೋಸಗಾರರಷ್ಟೇ ದಾರಿ ತಪ್ಪುವುದಿಲ್ಲ, ಪ್ರಾಮಾಣಿಕರೂ ತಪ್ಪುತ್ತಾರೆ. 1903ರಲ್ಲಿ ಫ್ರಾನ್ಸಿನ ಬ್ಲೋಂಡ್ಲೋ ಎಂಬ ಹೆಸರಾಂತ ಭೌತವಿಜ್ಞಾನಿ ‘ಎನ್-ಕಿರಣ’ಗಳನ್ನು ಕಂಡುಹಿಡಿದಿರುವುದಾಗಿ ಸಾರಿದರು. ಮರುವರ್ಷ ಅಮೆರಿಕದ ರಾಬರ್ಟ್ ವುಡ್ ಅವರ ಪ್ರಯೋಗಶಾಲೆಗೆ ಹೋಗಿ, ಕತ್ತಲಲ್ಲಿ ಉಪಕರಣದ ಮುಖ್ಯ ಭಾಗವಾದ ಪಟ್ಟಕವನ್ನೇ ಸದ್ದಿಲ್ಲದೆ ತೆಗೆದುಬಿಟ್ಟರು. ಆದರೂ ಅಲ್ಲಿಯವರಿಗೆ ಕಿರಣಗಳು ಕಾಣಿಸುತ್ತಲೇ ಇದ್ದವು! ಬ್ಲೋಂಡ್ಲೋ ಸುಳ್ಳುಗಾರರಲ್ಲ. ಕಾಣಬೇಕೆಂಬ ಆಸೆಯೇ ಅವರ ಕಣ್ಣಾಗಿತ್ತು. ಪ್ರಯೋಗಶಾಲೆಯಲ್ಲಿ ಒಬ್ಬನ ಅಳತೆಯನ್ನು ಇನ್ನೊಬ್ಬ ತಾಳೆ ನೋಡುವುದು ಮೊದಲನೆಯವನು ಕಳ್ಳನೆಂದಲ್ಲ, ಅವನೂ ಮನುಷ್ಯನೆಂದು. ಪ್ರಾರ್ಥನೆಯಲ್ಲಿ ಕೇಳಿಸಿದ ಮಾತಿಗೂ ಇದು ಸಲ್ಲುತ್ತದೆ.

ಹತ್ತನೆಯ ತರಗತಿಯ ಫಲಿತಾಂಶ ಬಂತೆಂದರೆ ಮನೆ ಮನೆಯಲ್ಲೂ ಇದೇ ಪ್ರಶ್ನೆ. ‘ನನ್ನ ಮನಸ್ಸು ಕಲಾ ವಿಭಾಗಕ್ಕೆ ಎಳೆಯುತ್ತಿದೆ’ ಎನ್ನುತ್ತಾಳೆ ಮಗಳು. ‘ನಾನು ಹೇಳಿದ್ದೇ ಕೊನೆ, ಸಾಯನ್ಸ್ ತಗೋ’ ಎನ್ನುತ್ತಾರೆ ಅಪ್ಪ. ಮಗಳು ತನ್ನ ಒಳದನಿಯನ್ನು ನಾಲ್ಕು ಮಂದಿ ಹಿರಿಯರ ಮುಂದೆ ಬಿಚ್ಚಿ ಹೇಳಬಲ್ಲಳೇ? ಒಪ್ಪದವರ ಪ್ರಶ್ನೆಗೂ ಕಿವಿಗೊಡಬಲ್ಲಳೇ? ವರ್ಷ ಕಳೆದ ಮೇಲೆ, ಲಾಭವಾಗಲಿ ನಷ್ಟವಾಗಲಿ, ಲೆಕ್ಕ ಒಪ್ಪಿಸಲು ಸಿದ್ಧಳೇ? ಹಾಗಿದ್ದರೆ ಆ ದನಿಗೆ ಬೆಲೆಯಿದೆ. ಅಪ್ಪನಿಗೂ ಏಲಿಯ ಪಾಠವಿದೆ. ತನಗೆ ರುಚಿಸದ ಮಾತನ್ನು ಮಗಳು ಅಂಜುತ್ತ ತಂದಾಗ, ‘ಮುಚ್ಚಿಡಬೇಡವ್ವಾ, ಹೇಳು’ ಎನ್ನುವಷ್ಟು ತಾಳ್ಮೆ ಅವರಿಗಿರಬೇಕು.