ಸೂಟ್ಯಾಗ ಕೆಡಸಿದವರು ನಾವು, ಸುಧಾರಸೂದು ಸೊಸಿ ಒಬ್ಬಾಕಿ ಕೆಲಸಾನ?

ಸೂಟಿ ಮುಗಿಯಾಕ ಬಂತು ಅನ್ನೂದು ನಮ್ಮ ಓಣ್ಯಾಗ ಕ್ಯಾಲೆಂಡರ್ ನೋಡಿ ಗೊತ್ತಾಗೂದಿಲ್ಲ. ಮಾಳಗಿ ಮ್ಯಾಲೆ ಸಂಡಗಿ, ಕುರಡಗಿ ಹಾಕಿದ್ದ ಹಳೇ ಸೀರಿ ಮಡಚಿ ಒಳಗ ಹೋಗ್ತಾವ. ಮಾವಿನಕಾಯಿ ಗುಳಂಬದ ಬರಣಿ ಬಾಯಿ ಕಟ್ಟಿ ಅಟ್ಟಾ ಸೇರತಾವ. ಸಂಜಿ ನಾಕಕ್ಕ ಮಾಡ ಹಾಕಿ ಎರಡ ಹನಿ ಉದರಿದ್ರ ಸಾಕು, ಒಂದ ಮನ್ಯಾಗಿಂದ ದನಿ ಕೇಳತೈತಿ, “ಇನ್ನ ಎಂಟ ದಿನ ಐತಿ ಸಾಲಿಗೆ, ನೋಡ್ತೀನಿ ನಿಮ್ಮ ಆಟಾ!” ಆ ದನಿ ಯಾವಾಗಲೂ ಹುಡುಗರ ತಾಯಿದ. ಅಜ್ಜಿದಲ್ಲ, ಅಜ್ಜಂದಲ್ಲ, ಅಪ್ಪಂದಂತೂ ಅಲ್ಲ.

ಇವತ್ತ ನಾ ಹೇಳಾಕ ಹೊಂಟಿದ್ದು ಈ ಮಾತ. ನನ್ನ ವಾರಿಗಿ ಅಕ್ಕಾರಿಗೆ, ವೈನ್ಯಾರಿಗೆ ಜರಾ ಕಹಿ ಅನಸಬಹುದು. ಹುಡುಗೂರ ಮಲಗೂದು, ಏಳೂದು, ತಿನ್ನೂದು ಎಲ್ಲಾ ಸೂಟ್ಯಾಗ ಕೆಡಸಿದವರು ನಾವು, ಅಂದ್ರ ಆಯಿ-ಅಜ್ಜಗೋಳು. ಜೂನ್ ಬಂದ ಕೂಡ್ಲೆ ಅದನ್ನ ಹಾದಿಗೆ ತರೂ ಕೆಲಸಾ ಸೊಸಿ ತಲಿಗೆ ಕಟ್ಟಿ, ನಾವು ಕಟ್ಟಿ ಮ್ಯಾಲೆ ಕುಂತು “ಈಗಿನ ತಾಯಂದ್ರಿಗೆ ಹುಡುಗರನ್ನ ಎಬಸಾಕ ಬರೂದಿಲ್ಲ” ಅಂತೀವಿ. ಇದು ಸರಿ ಅಲ್ಲ. ಕೆಡಸಿದವರ ಕೂಡಸಬೇಕು, ಅದೂ ಸಾಲಿ ಬಾಗಲಾ ತೆರಿಯೂಕಿಂತ ಮದಲ.

ಇದು ನನಗ ಪುಸ್ತಕಾ ಓದಿ ತಿಳದದ್ದಲ್ಲ. ಹ್ವಾದ ವರ್ಷ ನಮ್ಮ ಮನ್ಯಾಗ ನಡದದ್ದು ಹೇಳತೀನಿ.

2025ರಾಗ ನಮ್ಮ ಮೊಮ್ಮಕ್ಕಳ ಸಾಲಿ ಜೂನ್ 2, ಸೋಮವಾರ ಸುರು ಆಗಿತ್ತು. ಮಗಳು ಕೊಲ್ಹಾಪುರದಿಂದ ಹುಡುಗರನ್ನ ಕರಕೊಂಡು ಬಂದಾಕಿ ಇನ್ನೂ ಇಲ್ಲೇ ಇದ್ಲು. ಮಹಾರಾಷ್ಟ್ರದ ಸಾಲಿ ತೆರಿಯೂದು ಜೂನ್ ಮಧ್ಯಕ್ಕ. ಹಿಂಗಾಗಿ ಒಂದ ಮನ್ಯಾಗ ಇಬ್ಬರಿಗೆ ಸಾಲಿ, ಇಬ್ಬರಿಗೆ ಸೂಟಿ. ಅವರು ರಾತ್ರಿ ಹನ್ನೊಂದರ ತನಕಾ ಕೇರಂ ಆಡಿದ್ರ ಇವರು ಹೆಂಗ ಮಲಗ್ಯಾರು? ಅದರಾಗ ಐಪಿಎಲ್ ಬ್ಯಾರೆ. ನಡುವ ಒಂದ ವಾರ ನಿಂತಿದ್ದಕ್ಕ ಫೈನಲ್ ಜೂನ್ 3ರ ತನಕಾ ಬಂದಿತ್ತು. ಮ್ಯಾಚು ಸುರು ಆಗೂದ 7:30ಕ್ಕ. ಹದಿನೆಂಟ ವರ್ಷ ಕಾದ ಕಪ್ಪು ಬೆಂಗಳೂರಿನವರು ಗೆದ್ದಾಗ ಓಣೆಲ್ಲಾ ಹೊರಗ ಬಂತು. ನಮ್ಮ ಯಜಮಾನರು ದೀಪಾವಳಿದು ಉಳದಿದ್ದ ಪಟಾಕಿ ಹುಡಕಿ ತಗದ್ರು. ನಾನೂ ಅಡಗಿಮನ್ಯಾಗ ಹೋಗಿ ಎಲ್ಲಾರಿಗೂ ಶಿರಾ ಮಾಡಿದೆ, ರಾತ್ರಿ ಹನ್ನೆರಡಕ್ಕ! ಸೊಸಿ ಎರಡ ಸಲ ಅಂದ್ಲು, “ಅತ್ತ್ಯಾರ, ನಾಳೆ ಸಾಲಿ ಐತ್ರಿ.” “ಇರಲಿ ಬಿಡವಾ, ವರ್ಷಕ್ಕ ಒಮ್ಮೆ” ಅಂದೆ. (ಮರುದಿವಸ ಸಂಜಿಗೆ ಬೆಂಗಳೂರಿನ್ಯಾಗ ನೂಕುನುಗ್ಗಲದಾಗ 11 ಮಂದಿ ತೀರಕೊಂಡ್ರು ಅನ್ನೂ ಸುದ್ದಿ ಕೇಳಿ ಆ ಶಿರಾನೂ ಕಹಿ ಆತು, ಆ ಮಾತ ಬ್ಯಾರೆ.)

ಮರುದಿವಸ ಮುಂಜಾನೆ ಸೊಸಿ ಐದೂವರಿಗೆ ಎದ್ದಾಳ. ಚಪಾತಿ, ಬಟಾಟಿ ಪಲ್ಯಾ, ನಾಕ ಡಬ್ಬಿ ಕಟ್ಟ್ಯಾಳ. ಮಗಾ ಫಸ್ಟ್ ಶಿಫ್ಟ್ ಅಂತ ಆರಕ್ಕ ಮದಲ ಫ್ಯಾಕ್ಟ್ರಿಗೆ ಹೋಗ್ಯಾನ. ನಾ ಎದ್ದಾಗ ಏಳ ಹೊಡದಿತ್ತು. ಹುಡುಗೂರ ಕಣ್ಣ ತೆರಿಯಾಕ ತಯಾರಿಲ್ಲ. ಸಣ್ಣಾಕಿನ ಕುಂದರಿಸಿ ಬಾಯಾಗ ಬ್ರಶ್ ಇಟ್ರ ಹಂಗ ಗ್ವಾಡಿಗೆ ಒರಗಿ ನಿದ್ದಿ ಹೋಗೂದು. 7:40ಕ್ಕ ಸಾಲಿ ಬಸ್ ಹೋಗೇ ಬಿಟ್ತು. ಜಿಟಿಜಿಟಿ ಮಳಿ. ಇಬ್ಬರನ್ನೂ ಸ್ಕೂಟಿ ಮ್ಯಾಲೆ ಕುಂದರಿಸಿಕೊಂಡು ಸಾಲಿಗೆ ಬಿಟ್ಟು, ಹೊಳ್ಳಿ ಬಂದು ಸೀರಿ ಬದಲಿಸಿ, ಚಿಗರಿ ಬಸ್ ಹಿಡದು ಹುಬ್ಬಳ್ಳಿಗೆ ಕೆಲಸಕ್ಕ ಹೋಗೂದ್ರಾಗ ಆಕಿಗೆ ಒಂದೂವರಿ ತಾಸು ತಡಾ ಆಗಿತ್ತು. ಅರ್ಧಾ ದಿನದ ರಜಾ ಹಾಕಿದ್ರು. ಸಾಹೇಬ್ರು ಎಲ್ಲಾರ ಮುಂದ ಅಂದ್ರಂತ, “ಮೇಡಂ, ಸೂಟಿ ನಿಮಗಲ್ಲ, ಹುಡುಗರಿಗೆ.”

ಸಂಜಿಗೆ ಬಂದಾಕಿ ಮಾತಾಡಲಿಲ್ಲ. ಹುಡುಗರ ಡಬ್ಬಿ ತಗದು ಭಾಂಡೆಕ್ಕ ಹಾಕಾಕತ್ತಿದ್ಲು. ಎರಡೂ ಡಬ್ಬ್ಯಾಗ ಚಪಾತಿ ಹೆಂಗ ಇಟ್ಟಿದ್ಲೋ ಹಂಗ ಇತ್ತು. ನಿದ್ದಿಗೆಟ್ಟ ಹುಡುಗೂರ ಉಣ್ಣೂದೂ ಇಲ್ಲಲ್ಲ. ಅದನ್ನ ನೋಡಕೋತ ನಿಂತಾಕಿ ಮೆತ್ತಗ ಅಂದ್ಲು, “ಅತ್ತ್ಯಾರ, ಏಪ್ರಿಲ್, ಮೇ ನಿಮ್ಮದು. ಜೂನ್ ಅಷ್ಟ ನಂದು.”

ನನಗ ಸಿಟ್ಟ ಬಂತು. ಸುಳ್ಳ ಯಾಕ ಹೇಳೂದು? ಎರಡ ದಿನ ಆಕಿ ಕೂಡ ನಾ ಸರಿ ಮಾತಾಡಲಿಲ್ಲ. ಮನಸಿನ್ಯಾಗ ಒಂದ ಸಮ ಲೆಕ್ಕಾ ಹಾಕಿದೆ: ನಾ ಮೂರು ಮಕ್ಕಳನ್ನ ಹಡದು ಸಾಲಿಗೆ ಕಳಿಸಿಲ್ಲೇನ? ನಮ್ಮ ಅತ್ತಿ ನನಗ ಒಂದ ಕಪ್ ಚಾ ಕಾಸಿ ಕೊಟ್ಟಿದ್ರೇನ? ನಾ ಯಾರ ಮುಂದರ ಬಾಯಿ ತಗದಿದ್ನೇನ?

ಲೆಕ್ಕಾ ಹಾಕಕೋತ ಹ್ವಾದಂಗ ಅದರಾಗ ಒಂದ ತಪ್ಪ ಕಂಡತು. ನನ್ನ ಮಕ್ಕಳು ಕಲತ ಸಾಲಿ ನಮ್ಮ ಮನಿಯಿಂದ ಎರಡ ಓಣಿ ಆಚೆ. ಘಂಟಿ ಹೊಡಿಯೂದು ಹತ್ತೂವರಿಗೆ. ಎಂಟಕ್ಕ ಎದ್ರೂ ಜಳಕಾ ಮಾಡಿ, ರೊಟ್ಟಿ-ಪಲ್ಯಾ ಉಂಡು, ಆಡಕೋತ ನಡಕೊಂಡು ಹೋಗತಿದ್ರು. ಡಬ್ಬಿ ಕಟ್ಟೂ ಜರೂರಿನ ಇರಲಿಲ್ಲ, ಮಧ್ಯಾಹ್ನ ಮನಿಗೆ ಬಂದು ಉಂಡು ಹೋಗೂದು. ಸೂಟ್ಯಾಗ ಎಂಟಕ್ಕ ಏಳೂದು, ಸಾಲಿ ಸುರು ಆದಮ್ಯಾಲೆ ಏಳೂವರಿಗೆ ಏಳೂದು. ಅರ್ಧಾ ತಾಸಿನ ಫರಕು. ಅದನ್ನ ಹಾದಿಗೆ ತಂದೆ ಅಂತ ನಾ ಇಷ್ಟ ವರ್ಷ ಎದಿ ಉಬ್ಬಿಸಿಕೊಂಡು ಅಡ್ಡಾಡೀನಿ. ಸೊಸಿ ಮುಂದ ಇದ್ದದ್ದು ಎರಡೂಕಾಲ ತಾಸಿನ ಫರಕು, ಅದೂ ಆಕಿ ಹೊರಗ ದುಡದು ಬರಾಕಿ. ನಾ ಮನ್ಯಾಗಿದ್ದೆ. ಎರಡೂ ಒಂದ ಅಂತ ಹೆಂಗ ಅನ್ನೂದು?

ಹಿಂಗಾಗಿ ಈ ವರ್ಷ ನಾನ ಕೈ ಹಾಕೀನಿ. ಸಾಲಿ ಜೂನ್ 1, ಸೋಮವಾರ. ಏಳೂವರಿಗೆ ಬಾಗಲದಾಗ ತಯಾರ ನಿಂದರಬೇಕಂದ್ರ ಆರೂವರಿಗೆ ಏಳಬೇಕು. ಆರರಿಂದ ಹನ್ನೆರಡ ವರ್ಷದ ಹುಡುಗರಿಗೆ ದಿನಕ್ಕ 9 ರಿಂದ 12 ತಾಸು ನಿದ್ದಿ ಬೇಕು ಅಂತ ಡಾಕ್ಟರು ಹೇಳತಾರ. ಹಂಗಂದ್ರ ಕಡಿಮಿ ಅಂದ್ರೂ ಒಂಬತ್ತೂವರಿಗೆ ಮಲಗಿರಬೇಕು. ನಮ್ಮಾವರು ಮಲಗತಿದ್ದದ್ದು ಹನ್ನೊಂದೂಮುಕ್ಕಾಲಿಗೆ, ಏಳತಿದ್ದದ್ದು ಎಂಟೂಮುಕ್ಕಾಲಿಗೆ. ಇದನ್ನ ಒಂದ ರಾತ್ರಿಯಾಗ ಜಗ್ಗಾಕ ಬರೂದಿಲ್ಲ. ದಿನಾ ಒಂದ ಕಾಲ ತಾಸು ಹಿಂದಕ್ಕ ಸರಸಿದ್ರ ಒಂಬತ್ತ ದಿನ ಬೇಕು. ಮೂರ ದಿನ ಕೈಯಾಗ ಇರಲಿ ಅಂತ ಮೇ 20ಕ್ಕ ಸುರು ಮಾಡಿದೆ. ಇವತ್ತ 25. ಮುಂಜಾನೆ 7:15ಕ್ಕ ಎದ್ದಾರ. ದೊಡ್ಡಾಂವ ಮಾರಿ ಗಂಟ ಹಾಕ್ಕೊಂಡ ಏಳತಾನ, ಆದ್ರೂ ಏಳತಾನ.

ಒಂದ ಮಾತ ನನಗ ತಿಳದದ್ದು: ಮಲಗಸೂದ್ರಿಂದ ಸುರು ಮಾಡಬಾರದು, ಎಬಸೂದ್ರಿಂದ ಸುರು ಮಾಡಬೇಕು. ಮದಲ ರಾತ್ರಿ ಹನ್ನೊಂದೂವರಿಗೆ ಲೈಟ್ ಆರಿಸಿದ್ರ ಇಬ್ಬರೂ ಕತ್ತಲದಾಗ ಹನ್ನೆರಡರ ತನಕಾ ಕಿಸಿಕಿಸಿ ನಕ್ರು. ಮುಂಜಾನೆ ಹೇಳಿದ ಹೊತ್ತಿಗೆ ಎಬಿಸಿ, ನಿದ್ದಿಗಣ್ಣಿನ್ಯಾಗ ಮಾಳಗಿಗೆ ಕರಕೊಂಡ ಹೋಗಿ, ಗಿಡಕ್ಕ ನೀರ ಹಾಕಸತೀನಿ. ಮುಂಜಾನೆ ಬೆಳಕು ಕಣ್ಣಿಗೆ ಬಿದ್ರ ರಾತ್ರಿ ನಿದ್ದಿ ಲಗೂ ಬರತೈತಿ. ಮಧ್ಯಾಹ್ನ ಮಲಗೂದು ಬಂದ್. (ನಂದೂ ಬಂದ್ ಆಗೇತಿ, ಅದ ಭಾಳ ತ್ರಾಸಿನ ಕೆಲಸಾ.) ರಾತ್ರಿ ಊಟಾ ಹತ್ತಕ್ಕ ಆಗತಿತ್ತು, ಈಗ ಎಂಟಕ್ಕ. ಊಟಾ ಮುಂದ ಬಂದ್ರ ನಿದ್ದಿ ತಾನ ಮುಂದ ಬರತೈತಿ. ಇನ್ನೊಂದು, ಮುಂಜಾನೆ ನಾಷ್ಟಾನೂ ಉಪ್ಪಿಟ್ಟು, ಒಗ್ಗರಣಿ ಅವಲಕ್ಕಿ ಅಂತ ಬಿಸಿದು ತಾಟಿನ್ಯಾಗ ಕೊಡೂದು ಬಿಟ್ಟು, ಈ ವಾರ ಡಬ್ಬ್ಯಾಗ ಹಾಕಿ ಹತ್ತಕ್ಕ ಕೊಡಾಕತ್ತೀನಿ. ಆರಿದ ಚಪಾತಿ ತಿನ್ನೂದು ರೂಢಿ ಆಗಬೇಕಲ್ಲ. ದಿನಾ ಸೀಕರಣಿ-ಪೂರಿ ತಿಂದ ಬಾಯಿಗೆ ಸಾಲಿ ಡಬ್ಬಿ ಒಮ್ಮೆಲೆ ಹೆಂಗ ಸೇರೀತು?

ಹುಡುಗೂರ ಇದರಾಗ ಸುಲಭ. ತ್ರಾಸ ಇರೂದು ದೊಡ್ಡವರದು. ಯಜಮಾನರಿಗೆ ಎಂಟೂವರಿ ಮ್ಯಾಲೆ ಟೀವಿ ದನಿ ಇಳಸ್ರಿ ಅಂದ್ರ, “ನಿವೃತ್ತಿ ಆದಮ್ಯಾಲೂ ನನಗ ಸಾಲಿನ?” ಅಂತಾರ. ಮೂರನೇ ದಿನ ಕಿವ್ಯಾಗ ಹಾಕ್ಕೊಳ್ಳೂದೊಂದು ತಂದ ಕೊಟ್ಟಾನ ಮಗಾ. ಆ ಮಗಂದೂ ಒಂದ ಮಾತ ಐತಿ. ಅಂವ ಮದಿವಿ ಆದ ಹೊಸದಾಗಿ ಡಬ್ಬಿ ಕಟ್ಟಾಕ, ಹಾಸಗಿ ತೆಗಿಯಾಕ ಹ್ವಾದ್ರ “ನೀ ಬಿಡೋ, ಗಣಮಕ್ಕಳು ಮಾಡೂ ಕೆಲಸಾ ಅಲ್ಲಿದು” ಅಂತ ಕೈಯಾಗಿಂದ ಕಸದವಳು ನಾನ. ಹತ್ತ ವರ್ಷ ಆತು, ಅಂವಗ ಈಗ ನೀರಿನ ಬಾಟ್ಲಿ ಎಲ್ಲಿ ಇರತಾವ ಅನ್ನೂದೂ ಗೊತ್ತಿಲ್ಲ. ಈಗ ಹೇಳೀನಿ: ಬೂಟ್ ಪಾಲಿಶ್, ಬಾಟ್ಲಿ, ಪಾಟಿಚೀಲಾ ರಾತ್ರಿನ ತಯಾರ ಮಾಡಿಡೂದು ನಿಂದು, ಶಿಫ್ಟ್ ಯಾವುದ ಇರಲಿ. ನಳಾ ಬರೂ ದಿವಸ ಮುಂಜಾನೆ ನೀರ ತುಂಬೂದು ನಂದು. ಆ ದಿನಾ ಸೊಸಿ ಒಂದ ಕೈಲೆ ಲಟ್ಟಣಗಿ, ಒಂದ ಕೈಲೆ ಪೈಪ್ ಹಿಡದಿದ್ದು ನಾ ಕಣ್ಣಾರೆ ನೋಡೀನಿ, ನೋಡಿಯೂ ಸುಮ್ಮ ಕುಂತೀನಿ.

ಎಲ್ಲಾಕ್ಕಿಂತ ಬಿರುಸಾದದ್ದು ಮಗಳಿಗೆ ಹೇಳೂದು. ಈ ವರ್ಷ ಅಧಿಕ ಜ್ಯೇಷ್ಠ ಬಂದೈತಿ, ಮೇ 17 ರಿಂದ ಜೂನ್ 15ರ ತನಕಾ. ಅಧಿಕ ಮಾಸದಾಗ ಮಗಳು-ಅಳಿಯಾನ ಕರದು ಉಣಸಬೇಕು, ಮೂವತ್ಮೂರು ಅನಾರಸ ಕೊಡಬೇಕು. ಆಕಿ ಜೂನ್ ಮದಲನೇ ವಾರಕ್ಕ ಅಂತ ಇಟ್ಕೊಂಡಿದ್ಲು, ಹೆಂಗೂ ಅಲ್ಲಿ ಸಾಲಿ ಸುರು ಆಗಿರೂದಿಲ್ಲ ಅಂತ. ನಾ ಫೋನ್ ಮಾಡಿ ಅಳಿಯಾಗ ಮೇ 24ರ ಐತವಾರಕ್ಕ ಬರಾಕ ಹೇಳಿದೆ. ಮಗಳಿಗೆ, “ಬುಧವಾರ ಹೊಂಡವಾ, ಈ ಹುಡುಗರಿಗೆ ನಾಕ ದಿನ ಶಾಂತ ಸಿಗಲಿ” ಅಂದೆ. ಆಕಿ ಮಾರಿ ಸಣ್ಣದಾತು. “ಅವ್ವಾ, ನಾ ಈಗ ಹೊರಗಿನಾಕಿ ಆದ್ನೇನ?” ಅಂದ್ಲು. ತವರಮನ್ಯಾಗ ವರ್ಷಕ್ಕ ಇಪ್ಪತ್ತ ದಿನಾ ಕಾಲ ಚಾಚಿ ಕುಂದರೂ ಮಗಳಿಗೆ, ಹೋಗು ಅಂತ ಯಾವ ತಾಯಿ ಬಾಯಿಂದ ಬಂದೀತ್ರಿ? ಆದ್ರ ಆ ಇಪ್ಪತ್ತ ದಿನಾ ಎರಡೂ ಹೊತ್ತು ಬಿಸಿ ರೊಟ್ಟಿ ಬಡದಾಕಿ ಯಾರು? ಹ್ವಾದ ವರ್ಷದ ಜೂನ್ 4 ಆಕಿಗೆ ಗೊತ್ತಿರಲಿಲ್ಲ, ಮುಂಜಾನೆ ಒಂಬತ್ತಕ್ಕ ಎದ್ದಿದ್ಲು. ಎಲ್ಲಾ ಕುಂತು ಹೇಳಿದೆ. ಸುಮ್ಮ ಕೇಳಿದ್ಲು. ನಿನ್ನೆ ಅನಾರಸ ಊಟಾ ಛಲೋ ಆತು, ಆದ್ರ ಮಾರಿ ಇನ್ನೂ ಪೂರಾ ಸಡಲ ಆಗಿಲ್ಲ. ಸಾವಕಾಶ ಆಗತೈತಿ ಅಂತ ನನಗ ನಂಬಿಕಿ ಐತಿ. ಆಕಿನೂ ಒಂದ ಮನಿ ಸೊಸಿನ ಅಲ್ಲಾ?

ಆಜುಬಾಜು ಮನಿ ವೈನಿಯೊಬ್ಬರು ನಿನ್ನೆ ಅಂದ್ರು, “ಸೂಟ್ಯಾಗರ ಹುಡುಗೂರ ಆರಾಮ ಇರಲಿ ಬಿಡ್ರಿ. ಜೂನ್ ಬಂದ್ರ ತಾವ ಹಾದಿಗೆ ಬರತಾವ.” ಬರತಾವ, ಖರೇ. ಹದಿನೈದ ದಿನಕ್ಕ ಯಾವ ಹುಡುಗರೂ ತಾವ ರೂಢಿಗೆ ಬೀಳತಾವ. ಆ ಹದಿನೈದ ದಿನಾ ಮನ್ಯಾಗ ಯಾರ ಕಣ್ಣಾಗ ನೀರ ಬರತಾವ ಅನ್ನೂದಷ್ಟ ನನ್ನ ಪ್ರಶ್ನಿ. ಮತ್ತ ಸೂಟಿ ಅಂದ್ರ ಹೊತ್ತ ಮ್ಯಾಲೆ ಏಳಬಾರದು ಅಂತ ಎಲ್ಲಿ ಐತಿ? ನಮ್ಮ ಹುಡುಗೂರ ಈಗೂ ದಿನಾ ಆಡತಾವ. ಮುಂಜಾನೆ ಎದ್ದದ್ದಕ್ಕ ಬಿಸಲ ಏರೂಕಿಂತ ಮದಲ ಎರಡ ತಾಸು ಓಣ್ಯಾಗ ಕ್ರಿಕೆಟ್ ಜಾಸ್ತಿನ ಆಗೇತಿ, ಕಮ್ಮಿ ಅಲ್ಲ.

ಇನ್ನ ಸೊಸಿ ಏನಂದ್ಲು ಅಂತ ಕೇಳಬಹುದು ನೀವು. ಏನೂ ಅಂದಿಲ್ಲ. ಮದಲನೇ ದಿನ ನಾ ಎಂಟೂವರಿಗೆ ಅಲಾರಂ ಇಟ್ಟದ್ದು ನೋಡಿ, “ಯಾಕ್ರಿ ಅತ್ತ್ಯಾರ?” ಅಂದ್ಲು. ಹೇಳಿದೆ. ಸುಮ್ಮ ಒಳಗ ಹ್ವಾದ್ಲು. ನಿನ್ನೆ ರಾತ್ರಿ ಹತ್ತೂಕಾಲಿಗೆ ಹುಡುಗೂರ ಮಲಗಿದ್ದೂ, ಆಕಿ ಹೊರಗ ಕಟ್ಟಿ ಮ್ಯಾಲೆ ನನ್ನ ಬಾಜೂಕ ಬಂದು ಕುಂತು, ಅರ್ಧಾ ತಾಸು ಸುಮ್ಮ ಗಾಳಿ ತೊಗೊಂಡ್ಲು. ಈ ಮನಿಗೆ ಬಂದು ಹತ್ತ ವರ್ಷದಾಗ ಆಕಿ ಹಂಗ ಕುಂತದ್ದು ನಾ ನೋಡಿರಲಿಲ್ಲ.

ನಾಳೆ ಏಳಕ್ಕ ಎಬಸಬೇಕು. ಹ್ವಾದ ವರ್ಷದ ಬೂಟು ಇಬ್ಬರಿಗೂ ಹಾಕಿಸಿ ನೋಡಬೇಕು, ದೊಡ್ಡಾಂವಗ ಬಿಗಿ ಆಗಿದ್ರ ಶನಿವಾರದ ಗದ್ದಲಕ್ಕಿಂತ ಮದಲ ಪ್ಯಾಟಿಗೆ ಹೋಗಿ ಬರಬೇಕು.